ಫ್ರೆಂಚ್ ಹಾಡಿಗೆ ನಿಂತ ಹೋರಿ

ಸವಣೂರಿನ ನನ್ನ ತವರಿನಲ್ಲಿ ಎಲೆತೋಟದ ಪಕ್ಕದ ಮೆಂತ್ಯದ ಮಡಿಗಳ ಮೇಲೆ ಈಗಲೂ ಸಿಡಿಗಳು ತೂಗುತ್ತವೆ. ಅಣ್ಣನದು ಒಂದು ಕಾಲಕ್ಕೆ ಸಿಡಿ ಅಂಗಡಿ. ಹಾಡುಗಳೆಲ್ಲ ಫೋನಿನೊಳಗೆ ಹೋಗಿ ಕುಳಿತ ಮೇಲೆ ಅಂಗಡಿ ಮುಚ್ಚಿತು, ಉಳಿದ ಸರಕು ಹಕ್ಕಿ ಬೆದರಿಸುವ ಕೆಲಸಕ್ಕೆ ಬಂತು. ಒಮ್ಮೆ ಪಂಚಮಿಗೆ ಹೋದಾಗ ಅಣ್ಣ ಏಣಿಯ ಮೇಲೆ ನಿಂತು ಕಟ್ಟುತ್ತಿದ್ದ, ನಾನು ಕೆಳಗಿನಿಂದ ಒಂದೊಂದೇ ಎತ್ತಿ ಕೊಡುತ್ತಿದ್ದೆ. ಅವುಗಳಲ್ಲಿ ಒಂದರ ಪ್ಲಾಸ್ಟಿಕ್ ಹೊದಿಕೆಯನ್ನು ಯಾರೂ ಹರಿದೇ ಇರಲಿಲ್ಲ.

ಹೊದಿಕೆಯೊಳಗಿನ ಚಿತ್ರದಲ್ಲಿ ಮುಚ್ಚಿದ ಅಂಗಡಿಯ ಶಟರಿಗೆ ಮುಖ ಮಾಡಿ ನಿಂತ ಇಬ್ಬರು ಹುಡುಗರು. ಬೆನ್ನು ಮಾತ್ರ ಕಾಣುತ್ತದೆ. ಒಬ್ಬನ ಅಂಗಿಯ ಕಾಲರಿನಿಂದ ಕಂಪನಿಯ ಪಟ್ಟಿ ಹೊರಗೆ ಇಣುಕುತ್ತಿತ್ತು. ಕೈ ಹಾಕಿ ಅದನ್ನು ಒಳಗೆ ತುರುಕಬೇಕೆನಿಸಿತು ನನಗೆ. ಹಿಂಬದಿಯಲ್ಲಿ, ಇದು ಈ ಇಬ್ಬರು ಫ್ರೆಂಚ್ ಗೆಳೆಯರ ಮೊದಲ ಆಲ್ಬಂ ಎಂದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆದಿತ್ತು.

"ಇದನ್ನ ನಾ ಒಯ್ಯಲೇನಣ್ಣಾ?"

"ಒಯ್ಯಿ. ಆದ್ರ ಹಾಡು ಅಂತ ತಿಳಕೊಂಡು ಹಚ್ಚಬ್ಯಾಡವಾ. ಡಾನ್ಸಿನ ಹುಡುಗೂರಿಗೆ ಅಂತ ತರಿಸಿದ್ದೆ. ಒಬ್ಬಾವ ಒಂದು ಒಯ್ದು ಮರುದಿನಾನ ವಾಪಸ್ ತಂದ. 'ನಿನ್ನ ಸಿಡಿ ಒಳಗ ಯಾರೋ ಬಡದಾಡಾಕತ್ತಾರ' ಅಂದ."

ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಒಬ್ಬ ವಯಸ್ಸಾದ ಸಿಸ್ಟರ್ ನಮಗೆ ಹೊಲಿಗೆ ಕಲಿಸುತ್ತ, ನಡುನಡುವೆ ಫ್ರೆಂಚಿನಲ್ಲಿ ಬೆಳಗಿನ ನಮಸ್ಕಾರ ಹೇಳಿಕೊಡುತ್ತಿದ್ದರು. ಹೊಲಿಗೆ ಕೋಣೆಯ ಗೋಡೆಯ ಮೇಲೆ ಫ್ರಾನ್ಸಿನ ಒಂದು ಗುಹೆಯ ಚಿತ್ರವಿತ್ತು. ಅದರಲ್ಲಿ ನೀಲಿ ಪಟ್ಟಿಯ ಬಿಳಿ ಸೀರೆ ಉಟ್ಟಂತೆ ಕಾಣುತ್ತಿದ್ದ ತಾಯಿ ಮರಿಯಮ್ಮ. ಫ್ರಾನ್ಸೆಂದರೆ ಮೆಲ್ಲಗೆ ಮಾತಾಡುವವರ ದೇಶ ಎಂದು ನಾನು ಅಷ್ಟೂ ವರ್ಷ ನಂಬಿದ್ದೆ.

ಊರಿಗೆ ಬಂದು ಆ ಸಿಡಿ ಹಚ್ಚಿದ ದಿನ ಆ ನಂಬಿಕೆ ಹೋಯಿತು.

ನನ್ನ ಗಂಡನ ಮನೆ ಇರುವುದು ಹಿರೇಕೆರೂರು ತಾಲೂಕಿನ ಹಂಸಭಾವಿಯ ಹತ್ತಿರದ ಒಂದು ಊರಿನಲ್ಲಿ. ಮದುವೆಯಲ್ಲಿ ಅಣ್ಣ ಕೊಟ್ಟ ಜೋಡಿ ಸ್ಪೀಕರಿನ ಪ್ಲೇಯರ್ ಪಡಸಾಲೆಯಲ್ಲಿತ್ತು. ಗುಂಡಿ ಒತ್ತಿದೊಡನೆ ಗೋವಿನಜೋಳ ಒಕ್ಕುವ ಮಷಿನ್ ಮನೆಯೊಳಗೆ ನುಗ್ಗಿದಂತಾಯಿತು. ದಪ್ಪ ಹೊಡೆತ, ಅದರ ಮೇಲೆ ತಗಡು ಹರಿಯುವ ಸದ್ದು, ನಡುವೆ ಯಾರನ್ನೋ ಕುತ್ತಿಗೆ ಹಿಡಿದು ಮಾತಾಡಿಸಿದಂಥ ಕಬ್ಬಿಣದ ಧ್ವನಿ. ಅದೇ ಹೊಡೆತ ಮತ್ತೆ, ಮತ್ತೆ. ಕಪಾಟಿನ ಗಾಜಿನ ಹಿಂದೆ ಸ್ಟೀಲಿನ ಲೋಟಗಳು ಒಂದಕ್ಕೊಂದು ತಾಗಿ ನಡುಗಿದವು. ಜಪಕ್ಕೆ ಕುಳಿತಿದ್ದ ಅತ್ತೆ ಎದ್ದು ಬಂದರು.

"ಏನವಾ ಇದು, ಮನಿ ಕೆಡವಾಕ ಜೆಸಿಬಿ ಬಂತೇನ?"

"ಹಾಡ್ರಿ ಅತ್ತಿ. ಫ್ರಾನ್ಸಿಂದು."

"ಅಲ್ಲಿ ಮಂದಿ ಹಿಂಗ ಹಾಡತಾರಂದ್ರ, ಸಿಟ್ಟಿಗೆದ್ರ ಏನ್ ಮಾಡತಾರೋ!" ಅತ್ತೆ ಹಣೆಯ ವಿಭೂತಿ ಮುಟ್ಟಿಕೊಂಡು ಒಳಗೆ ಹೋದರು.

ಆ ಪ್ಲೇಯರನ್ನು ಮರುದಿನವೇ ದನದ ಕೊಟ್ಟಿಗೆಗೆ ಸಾಗಿಸಲಾಯಿತು, ಸಿಡಿ ಸಮೇತ. ಯಾಕೋ ನನಗೆ ಅದನ್ನು ಬಿಡಲಾಗಲಿಲ್ಲ. ಮೊದಲ ಸಲ ಅಡಿಗೆ ಮಾಡುವವರು ಉಪ್ಪು, ಖಾರ ಎರಡನ್ನೂ ಸುರಿಯುತ್ತಾರೆ, ನಾಳೆ ಮತ್ತೆ ಒಲೆ ಹೊತ್ತುವುದೇ ಇಲ್ಲವೇನೋ ಎನ್ನುವ ಹಾಗೆ. ಆ ಆಲ್ಬಮ್ಮಿನಲ್ಲಿ ಅಂಥ ಅವಸರವಿತ್ತು. ಕೇಳುತ್ತ ಕೇಳುತ್ತ ಅದು ಇಬ್ಬರ ಕೆಲಸವೆಂಬುದೂ ನನಗೆ ತಿಳಿಯತೊಡಗಿತು. ಒಬ್ಬ ಹೊಡೆಯುತ್ತಿದ್ದ, ಇನ್ನೊಬ್ಬ ಹೊಡೆತದ ಸಂದುಗಳಲ್ಲಿ ಏನನ್ನೋ ಹಿಡಿದೆತ್ತುತ್ತಿದ್ದ. ನಮ್ಮ ಮನೆಯಲ್ಲೂ ಇಬ್ಬರು ಗಂಡಸರು. ನನ್ನ ಯಜಮಾನರದು ಹಂಸಭಾವಿಯಲ್ಲಿ ಬೀಜ ಗೊಬ್ಬರದ ಅಂಗಡಿ. ಮನೆಯಲ್ಲಿ ಮಾತು ಬೆಳೆಯುತ್ತಿದ್ದಂತೆ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋಗುವುದೇ ಅವರ ಉತ್ತರ. ಅವರ ತಮ್ಮ, ಎಂದರೆ ನನ್ನ ಮೈದುನ, ಹೊಡೆಯುವವನು.

ಹೊಡೆಯುವವನು ಎಂದು ಸುಮ್ಮನೆ ಬರೆದದ್ದಲ್ಲ. ಅವನ ಹೆಂಡತಿ ತವರಿಗೆ ಹೋದವಳು ತಿರುಗಿ ಬಂದಿಲ್ಲ, ಯಾಕೆಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ. ಅವನಿಗಿದ್ದ ಹುಚ್ಚು ಒಂದೇ, ಹೋರಿ ಹಬ್ಬದ್ದು. ದೀಪಾವಳಿ ಆದ ಮೇಲೆ ನಮ್ಮ ಕಡೆ ಊರೂರಿಗೆ ಹೋರಿ ಬೆದರಿಸುವ ಸ್ಪರ್ಧೆಗಳು ನಡೆಯುತ್ತವೆ. ಹೋರಿಯ ಕೊರಳಿಗೆ, ಮೈಗೆ ಒಣಕೊಬ್ಬರಿಯ ಸರ ಕಟ್ಟಿ, ಕೊಂಬಿಗೆ ತಂತಿ ಸುತ್ತಿ ಬಣ್ಣದ ರಿಬ್ಬನ್, ಬಲೂನು ಸಿಕ್ಕಿಸಿ, ಎರಡೂ ಕಡೆ ಬೊಂಬು ಬಿಗಿದ ಉದ್ದನೆಯ ಅಖಾಡದಲ್ಲಿ ಓಡಿಸುತ್ತಾರೆ. ಒಳಗೆ ನಿಂತ ಪೈಲ್ವಾನ ಹುಡುಗರು ಮೇಲೆ ಬಿದ್ದು ಕೊಬ್ಬರಿ ಹರಿಯಲು ನೋಡುತ್ತಾರೆ. ಹರಿಯಗೊಡದೆ ದಾಟಿದ ಹೋರಿಗೆ ಮಾನ. ಬ್ಯಾನರಿನಲ್ಲಿ ಅದರ ಫೋಟೊ ಮಾಲೀಕನ ಫೋಟೊಕ್ಕಿಂತ ದೊಡ್ಡದಿರುತ್ತದೆ.

ನಾನು ಹೇಳಹೊರಟ ಹೋರಿಗೂ ಮೊದಲಿನದೊಂದು ಇತ್ತು. ಮೊದಲ ಓಟದಲ್ಲೇ ಅದು ಕೊಬ್ಬರಿ ಕಳೆದುಕೊಂಡಿತು. ಮೈದುನ ಮನೆಗೆ ತಂದು ಅಂಗಳದ ಕಂಬಕ್ಕೆ ಕಟ್ಟಿ, ಚಕ್ಕಡಿಯ ಗೂಟ ಕಿತ್ತು ಹೊಡೆದ. ನಾನು ಅಡಿಗೆಮನೆಯ ಕಿಟಕಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಹೊಡೆತ ಬೆನ್ನಿಗೆ ಬಿದ್ದಾಗ ಒಂದು ಸದ್ದು, ಮುಖಕ್ಕೆ ಬಿದ್ದಾಗ ಇನ್ನೊಂದು. ಒಂದು ಕೊಂಬು ಬುಡದಿಂದ ಕಳಚಿ ಬಚ್ಚಲ ಕಲ್ಲಿನ ಹತ್ತಿರ ಹೋಗಿ ಬಿತ್ತು. ಕೊಂಬಿನೊಳಗೆ ಅಷ್ಟು ರಕ್ತವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಕೊಂಬಿಗೆ ಹಬ್ಬದ ದಿನ ಹಚ್ಚಿದ ಹಸಿರು ಬಣ್ಣ ಇನ್ನೂ ಹೊಳೆಯುತ್ತಿತ್ತು. ಮುಂದಿನ ಸಂತೆಯ ದಿನ ಕಟುಕರ ಲಾರಿ ಬಂತು. ಲಾರಿ ಎಲ್ಲಿಗೆ ಹೋಯಿತೆಂದು ಎಲ್ಲರಿಗೂ ಗೊತ್ತಿತ್ತು.

"ಸೋತ ಹೋರಿ ನಮ್ಮ ಮನಿ ಗ್ವಾದಲಿಗೆ ಮೋತಿ ಹಾಕಬಾರದು," ಅಂದಿದ್ದ ಮೈದುನ, ಕೈ ತೊಳೆಯುತ್ತ. ಸಾಬೂನಿನ ನೊರೆ ಕೆಂಪಗಾಗಿತ್ತು.

ಅದಾದ ಮೇಲೆ ಅಬಲೂರಿನಿಂದ ತಂದಿದ್ದ ಆಕಳು ಕರು ಹಾಕಿ ಸತ್ತಿತು. ಗಂಡುಕರು, ಬೆಳ್ಳಗೆ, ಹಣೆಯಲ್ಲಿ ಮಾತ್ರ ಚಹಾ ಚೆಲ್ಲಿದಂತೆ ಒಂದು ಕಂದು ಗುರುತು. ಬಾಟಲಿಯಲ್ಲಿ ಹಾಲು ಹಾಕಿ ಬೆಳೆಸಿದವಳು ನಾನು. ಅದರ ನಾಲಗೆ ಅರಿವೆ ತಿಕ್ಕುವ ಬ್ರಶ್ಶಿನ ಹಾಗಿತ್ತು. ಕೊಂಬು ಮೂಡುವ ಮೊದಲೇ ಮೈದುನ ಅದರ ಬೆನ್ನು ಸವರಿ, "ಇವ ನನ್ನ ಮಗಾ, ಅಖಾಡದ ಹುಲಿ," ಎಂದ. ಆ ದಿನದಿಂದ ನನಗೆ ಒಂದೇ ಹೆದರಿಕೆ. ಎಂದಾದರೊಂದು ದಿನ ಇದು ಕೊಬ್ಬರಿ ಕಳೆದುಕೊಂಡರೆ, ಅದೇ ಕಂಬ, ಅದೇ ಗೂಟ, ಅದೇ ಲಾರಿ.

ಅದನ್ನು ತಯಾರು ಮಾಡುವ ರೀತಿಯೂ ಹಾಗೆಯೇ ಇತ್ತು. ಕಿವಿಯ ಹತ್ತಿರ ತಗಡಿನ ಡಬ್ಬಿ ಬಡಿಯುವುದು, ಕಾಲಡಿಗೆ ಪಟಾಕಿ ಎಸೆಯುವುದು, ಉಸುಕಿನ ಚೀಲ ಕಟ್ಟಿ ಉತ್ತ ಹೊಲದಲ್ಲಿ ಓಡಿಸುವುದು, ಓಡದಿದ್ದರೆ ಬಾರುಕೋಲು. ಪಟಾಕಿ ಸಿಡಿದ ಸಂಜೆ ಅದು ಹುಲ್ಲು ಮುಟ್ಟುತ್ತಿರಲಿಲ್ಲ. ತೊಡೆಯ ಚರ್ಮ ತನ್ನಷ್ಟಕ್ಕೆ ತಾನೇ ಕಂಪಿಸುತ್ತಿತ್ತು. ಮೈದುನನಿಗೆ ಬೇಡವೆನ್ನುವ ಧೈರ್ಯ ನನಗಿರಲಿಲ್ಲ. ತಿನ್ನಿಸುವ ಹೊತ್ತು ಮಾತ್ರ ನನ್ನದಾಗಿತ್ತು.

ಆಗ ನೆನಪಾದದ್ದು ಆ ಆಲ್ಬಂ. ಕರುವಿನ ಆರೈಕೆಯಲ್ಲಿ ನಾನು ಮರೆತಿದ್ದ ಪ್ಲೇಯರ್ ಕೊಟ್ಟಿಗೆಯ ಮೂಲೆಯಲ್ಲಿ ಧೂಳು ತಿನ್ನುತ್ತ ಕುಳಿತಿತ್ತು. ಸದ್ದಿನೊಳಗೇ ಊಟ ಸಿಕ್ಕರೆ ಸದ್ದಿನ ಹೆದರಿಕೆ ಹೋದೀತು ಎಂದುಕೊಂಡೆ. ಮೊದಲು ಸಣ್ಣಗೆ, ಆಮೇಲೆ ಜೋರಾಗಿ ಹಚ್ಚಿದೆ. ನಾಲ್ಕನೆಯ ಹಾಡೇ ಆಗಬೇಕು. ಆ ಹಾಡಿನ ನಡುವೆ ಹೊಡೆತವೆಲ್ಲ ಒಮ್ಮೆಲೇ ನಿಲ್ಲುತ್ತದೆ. ಕುದಿಯುವ ಕುಕ್ಕರಿನಂಥ ಒಂದು ಸಿಳ್ಳೆ ಮಾತ್ರ ಸಣ್ಣಗೆ ಹುಟ್ಟಿ ಏರುತ್ತದೆ, ಏರುತ್ತದೆ, ಇನ್ನೇನು ಒಡೆಯುತ್ತದೆ ಅನ್ನುವಾಗ ಹೊಡೆತ ಮತ್ತೆ ಬೀಳುತ್ತದೆ. ಆ ಸಿಳ್ಳೆ ಏರುವಷ್ಟು ಹೊತ್ತಿನಲ್ಲಿ ನಾನು ಹತ್ತಿಕಾಳು, ಬೆಲ್ಲದ ನೀರು ಕಲಸಿದ ಬಕೆಟ್ ಹಿಡಿದು ಅದರ ಮುಂದೆ ಬರುತ್ತಿದ್ದೆ. ಹೊಡೆತ ಬಿದ್ದಾಗ ಅದರ ಮೂತಿ ಬಕೆಟ್ಟಿನೊಳಗಿರುತ್ತಿತ್ತು. ಕೆಲವೇ ದಿನಗಳಲ್ಲಿ ಅದಕ್ಕೆ ರೂಢಿಯಾಯಿತು. ಹೊಡೆತ ನಿಲ್ಲುತ್ತಿದ್ದಂತೆ ಅದು ನಾಲ್ಕೂ ಕಾಲು ಊರಿ ನಿಂತು, ತಲೆ ತಗ್ಗಿಸಿ, ಕಿವಿ ಮುಂದೆ ಮಾಡಿ ನನಗಾಗಿ ಕಾಯುತ್ತಿತ್ತು. ಹೀಗೆ ಅದು ಬೆಳೆಯಿತು. ಅದರ ಕೊಂಬು ನನ್ನ ತಲೆಗಿಂತ ಎತ್ತರ ಹೋದವು.

ಹಬ್ಬ ಹತ್ತಿರ ಬಂದಾಗ ಮೈದುನ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಆ ಹಾಡನ್ನು ಪೂರ್ತಿ ಕೇಳಿದ. ನನ್ನ ಮಗಳೂ ಇದ್ದಳು. ಅವಳು ಹಿರೇಕೆರೂರಿನ ಕಾಲೇಜಿಗೆ ಹೋಗುತ್ತಾಳೆ, ಕಾಕಾನಿಗೆ ಎದುರು ಮಾತಾಡಬಲ್ಲವಳು ಅವಳೊಬ್ಬಳೇ.

"ವೈನಿ, ಇದು ಯಾವ ದೇಶದ ಹಲಗೀರಿ?"

"ಫ್ರಾನ್ಸಿಂದು."

"ಹೌದಾ! ಎಲ್ಲಾ ಹೋರಿಗೂ ಸಿನೆಮಾ ಹಾಡು ಹಚ್ಚಿ ಹಚ್ಚಿ ಸಾಕಾಗೇತಿ. ನನ್ನ ಮಗಾ ಇದಕ್ಕ ಎಂಟ್ರಿ ಕೊಡಲಿ. ಮಂದಿ ಎದಿ ಒಡೀಬೇಕು."

"ಕಾಕಾ, ಫ್ರಾನ್ಸಿನ್ಯಾಗೂ ಹಿಂಗ ಹೋರಿ ಬಿಡತಾರಂತ," ಮಗಳು ಫೋನಿನಲ್ಲಿ ನೋಡಿ ಹೇಳಿದಳು. "ಕೊಬ್ಬರಿ ಇಲ್ಲ, ಕೊಂಬಿಗೆ ಕಟ್ಟಿದ ಗೊಂಡೆ ಹರಿಯೂದಂತ."

ಕಾಳು ಆರಿಸುತ್ತಿದ್ದ ಅತ್ತೆ ತಲೆ ಎತ್ತಿದರು. "ಹಂಗಾರ ಬೀಗರ ಆದ್ರು ಬಿಡು. ಮದಲ ಹೇಳಿದ್ರ ಎಲಿ ಅಡಿಕಿ ಕಳಸ್ತಿದ್ದೆ."

ನಾನು ಮೈದುನನಿಗೆ ಇದ್ದದ್ದನ್ನು ಹೇಳಿದೆ. "ಆ ಹಾಡಿಗೆ ಅದು ಮೇವು ತಿಂತೈತ್ರಿ. ನಡುವ ನಿಲ್ಲತೈತಿ."

"ತಿನ್ನೂ ಹಾಡಂದ್ರ ಮತ್ತೂ ಚಲೋ ಆತಲ್ಲ. ಖುಷೀಲೆ ಓಡತಾನ. ನಿಲ್ಲಾಕ ಅದೇನು ನಿಮ್ಮ ಕಾನ್ವೆಂಟೇನ್ರಿ, ಗಂಟಿ ಹೊಡದ ಕೂಡ್ಲೆ ಕೈ ಕಟ್ಟಾಕ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಗಳು ಆಲ್ಬಮ್ಮನ್ನು ಪೂರ್ತಿ ಪೆನ್‌ಡ್ರೈವಿಗೆ ಹಾಕಿಕೊಟ್ಟಳು.

ಸ್ಪರ್ಧೆ ಇದ್ದದ್ದು ಹಾನಗಲ್ಲಿನ ಕಡೆ ಒಂದು ಊರಿನಲ್ಲಿ. ಶಿಗ್ಗಾಂವಿಯಿಂದ ಡಿಜೆ ಗಾಡಿ ಬಂದಿತ್ತು. ಒಂದರ ಮೇಲೊಂದು ಪೇರಿಸಿದ ಸ್ಪೀಕರುಗಳ ಹೊಡೆತಕ್ಕೆ ಚಹಾದಂಗಡಿಯ ಗ್ಲಾಸಿನಲ್ಲಿ ಚಹಾದ ಮೇಲೆ ಉಂಗುರ ಏಳುತ್ತಿದ್ದವು. ಹೆಂಗಸರೆಲ್ಲ ಟ್ರ್ಯಾಕ್ಟರಿನ ಟ್ರೈಲರುಗಳ ಮೇಲೆ ನಿಂತಿದ್ದೆವು. ಮೈದುನ ಹೋರಿಯ ಚಿತ್ರವಿದ್ದ ಹಳದಿ ಟೀಶರ್ಟ್ ಹಾಕಿಕೊಂಡಿದ್ದ. ಹೊಸದು. ಕತ್ತಿನ ಹಿಂದೆ ಪಟ್ಟಿ ಹೊರಗೆ ಬಂದಿತ್ತು. ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಅವನು ಹಗ್ಗ ಹಿಡಿದು ಹೊರಟುಬಿಟ್ಟ.

ನಮಗಿಂತ ಮುಂಚೆ ಓಡಿದ ಒಂದು ಹೋರಿ ಯಾವನೋ ಹುಡುಗನ ದವಡೆಯನ್ನು ಗೊರಸಿನಿಂದ ಸೀಳಿಹೋಗಿತ್ತು. ಅವನನ್ನು ಬೊಂಬಿನ ಕೆಳಗೆ ಎಳೆದು ಹಾಕಿ, ಬಿದ್ದ ಜಾಗಕ್ಕೆ ಉಸುಕು ಚೆಲ್ಲಿ, ಮುಂದಿನ ಹೆಸರು ಕೂಗಿದರು. ಆ ಹೆಸರು ನಮ್ಮದು.

ನಾಲ್ಕನೆಯ ಹಾಡು ಶುರುವಾಯಿತು. ಕೊಟ್ಟಿಗೆಯಲ್ಲಿ ಕೇಳಿದ ಹಾಡೇ ಅದು ಎನ್ನಿಸಲಿಲ್ಲ. ಪಕ್ಕೆಲುಬಿನೊಳಗೆ ಕೈ ಹಾಕಿ ಯಾರೋ ಅಲುಗಾಡಿಸಿದ ಹಾಗಿತ್ತು. ಜನ ಕಿರುಚಿದರು. ನಮ್ಮ ಹೋರಿ ಬಂದ ವೇಗಕ್ಕೆ ಮೊದಲ ಸಾಲಿನ ಹುಡುಗರು ಬೊಂಬು ಹತ್ತಿದರು. ಒಬ್ಬ ಕೊರಳಿಗೆ ಜೋತುಬಿದ್ದ, ಅದು ಒಂದೇ ಕೊಡವಿಗೆ ಅವನನ್ನು ಎಸೆಯಿತು. ಇನ್ನೊಬ್ಬನ ಭುಜ ಕಂಬಕ್ಕೆ ಅಪ್ಪಳಿಸಿದ ಸದ್ದು ಹಾಡಿನೊಳಗೂ ಕೇಳಿಸಿತು. ಕೊಬ್ಬರಿಯ ಒಂದು ಚೂರೂ ಹೋಗಿರಲಿಲ್ಲ. ಅರ್ಧ ಅಖಾಡ ದಾಟಿತ್ತು. ಮಗಳು ನನ್ನ ಕೈಯನ್ನು ಉಗುರು ನಾಟುವಂತೆ ಹಿಡಿದಿದ್ದಳು.

ಆಗ ಹೊಡೆತ ನಿಂತಿತು. ಸಿಳ್ಳೆ ಹುಟ್ಟಿತು.

ಹೋರಿ ನಿಂತಿತು. ನಾಲ್ಕೂ ಕಾಲು ಊರಿ, ತಲೆ ತಗ್ಗಿಸಿ, ಕಿವಿ ಮುಂದೆ ಮಾಡಿ. ಆ ಗದ್ದಲದ ನಡುವೆ ಅದು ನನ್ನನ್ನು ಹುಡುಕುತ್ತಿತ್ತು.

ಹುಡುಗರಿಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ಸಕ್ಕರೆಗೆ ಇರುವೆ ಮುತ್ತಿದ ಹಾಗೆ ಮುತ್ತಿದರು. ಕೊಬ್ಬರಿ ಸರ ಹರಿದು ಉದುರಿತು. ಒಬ್ಬ ಕೊಂಬಿನ ರಿಬ್ಬನ್ ಎಳೆದ, ಅದರ ತಂತಿಗೆ ಸಿಕ್ಕ ಕಿವಿ ಉದ್ದಕ್ಕೆ ಸೀಳಿತು. ಇನ್ನೊಬ್ಬ ಬಾಲ ತಿರುಚಿದ. ಹೋರಿ ಆಗಲೂ ಅಲುಗಲಿಲ್ಲ. ಸಿಳ್ಳೆ ಇನ್ನೂ ಏರುತ್ತಿತ್ತು.

ಮೈದುನ ಬೊಂಬು ಕಿತ್ತುಕೊಂಡು ಒಳಗೆ ಹಾರಿದ. "ಓಡಲೇ! ಓಡಲೇ ಸೂಳೇಮಗನ!" ಎಂದು ಅದರ ಮುಖಕ್ಕೆ ಬೀಸಿದ. ಹೊಡೆತ ಬಿದ್ದದ್ದು ಹಣೆಯ ಕಂದು ಗುರುತಿನ ಮೇಲೆ. ಅದೇ ಗಳಿಗೆಗೆ ಹಾಡಿನ ಹೊಡೆತವೂ ಬಿತ್ತು. ಬಕೆಟ್ ಬರಬೇಕಾದ ಜಾಗದಲ್ಲಿ ಬಿದಿರು ಬಂದಿತ್ತು. ಹೋರಿ ತಗ್ಗಿಸಿದ್ದ ತಲೆಯನ್ನು ಹಾಗೆಯೇ ಮೇಲಕ್ಕೆತ್ತಿತು. ಮೈದುನನ ತೊಡೆಯೊಳಗೆ ಕೊಂಬು ಹೋಗಿ, ಅವನು ಬಟ್ಟೆಯ ಗಂಟಿನಂತೆ ಎದ್ದು, ತಿರುಗಿ, ಬಿದ್ದ. ಬಿದ್ದ ಮೇಲೂ ಅದು ಬಿಡಲಿಲ್ಲ.

ಆಮೇಲೆ ಆದದ್ದು ಬಡಿದಾಟ. ಕೊಬ್ಬರಿ ಹರಿದವರು "ಗೆದ್ದೇವಿ" ಎಂದು ಕುಣಿದರು. ನಮ್ಮೂರವರು "ನಿಂತ ಹೋರಿ ಹಿಡದ್ರ ಅದು ಗೆದ್ದಂಗಲ್ಲಲೇ" ಎಂದು ಬೊಂಬು ಕಿತ್ತರು. ತಲೆಗಳು ಒಡೆದವು. ನನ್ನ ಟ್ರೈಲರಿನ ಗಾಲಿಗೆ ಒರಗಿದ ಒಬ್ಬ ಬಾಯಿಂದ ಹಲ್ಲು ಉಗುಳಿ ಅದನ್ನು ಅಂಗೈಯಲ್ಲಿಟ್ಟು ನೋಡಿದ, ಜೇಬಿಗೆ ಹಾಕಿಕೊಂಡ, ಮತ್ತೆ ಒಳಗೆ ಓಡಿದ. ಡಿಜೆಯವನು ಎಲ್ಲಿಗೆ ಓಡಿದನೋ, ಗಾಡಿಯಲ್ಲಿ ಯಾರೂ ಇರಲಿಲ್ಲ. ಪೆನ್‌ಡ್ರೈವಿನ ಹಾಡುಗಳು ತಮ್ಮಷ್ಟಕ್ಕೆ ಮುಂದುವರಿಯುತ್ತಿದ್ದವು. ಐದನೆಯದು ಕಬ್ಬಿಣದ ಧ್ವನಿಯದು. ಆರನೆಯದು ಬರೀ ಓಟ. ನನಗೆ ಎಲ್ಲದರ ಸರದಿ ಬಾಯಿಪಾಠ. ಆ ಇಬ್ಬರು ಹುಡುಗರು ಯಾವುದೋ ಕೋಣೆಯಲ್ಲಿ ಕುಳಿತು ಮಾಡಿದ ಹಾಡಿಗೆ ತಾಳ ತಪ್ಪದಂತೆ ನಮ್ಮ ಮಂದಿ ಒಬ್ಬರನ್ನೊಬ್ಬರು ಹೊಡೆಯುತ್ತಿದ್ದರು.

ಹೋರಿ ಅಖಾಡದ ಕೊನೆಯಲ್ಲಿ ಎರಡು ಟ್ರ್ಯಾಕ್ಟರುಗಳ ನಡುವೆ ಸಿಕ್ಕಿಬಿದ್ದಿತ್ತು. ಅದರ ಸುತ್ತ ಗೂಟ ಹಿಡಿದವರು. ಒಬ್ಬನ ಕೈಯಲ್ಲಿ ಕೊಡಲಿ.

"ಮನಿಶ್ಯಾನ ರಗತ ಕುಡದೈತಿ, ಇನ್ನ ಬಿಡಬಾರದ್ರಲೇ," ಎಂದು ಯಾರೋ ಕೂಗಿದರು.

ನಾನು ಹೇಗೆ ಕೆಳಗಿಳಿದೆನೋ ನೆನಪಿಲ್ಲ. ಚಹಾದಂಗಡಿಯ ಮುಂದೆ ಹಾಲಿನ ಬಕೆಟ್ ಬೋರಲು ಬಿದ್ದಿದ್ದು ನೆನಪಿದೆ. ಅದನ್ನೆತ್ತಿಕೊಂಡು ಮಗಳಿಗೆ, "ನಾಲ್ಕನೇದು ಹಚ್ಚು," ಎಂದೆ.

"ಅವ್ವಾ, ಹುಚ್ಚು ಹಿಡದೈತೇನ ನಿನಗ?"

"ಹಚ್ಚವಾ."

ಅವಳು ಡಿಜೆ ಗಾಡಿ ಹತ್ತಿದಳು. ಹಾಡು ತಡವರಿಸಿ, ನಾಲ್ಕನೆಯದರ ಮೊದಲ ಹೊಡೆತ ಬಿತ್ತು. ನಾನು ಗಂಡಸರ ಗುಂಪಿನಲ್ಲಿ "ಸ್ವಲ್ಪ ದಾರಿ ಬಿಡ್ರಿ, ಸ್ವಲ್ಪ ದಾರಿ ಬಿಡ್ರಿ," ಎನ್ನುತ್ತ ನಡೆದೆ. ಕಾನ್ವೆಂಟಿನ ರೂಢಿ, ದೂಡಲು ಬರುವುದಿಲ್ಲ. ಕೊಡಲಿಯವನು ನನ್ನ ಬಕೆಟ್ ನೋಡಿ ಪಕ್ಕಕ್ಕೆ ಸರಿದ. ಬಕೆಟ್ ಹಿಡಿದ ಹೆಂಗಸಿಗೆ ಏನು ಹೇಳಬೇಕೆಂದು ಅವನಿಗೆ ತೋಚಲಿಲ್ಲವೇನೋ. ಹೋರಿಯ ಒಂದು ಕಣ್ಣು ಊದಿ ಮುಚ್ಚಿತ್ತು. ಅದು ನನ್ನತ್ತಲೂ ಕೊಂಬು ತಿರುಗಿಸಿ ಬುಸುಗುಟ್ಟಿತು. ಆಗ ಹೊಡೆತ ನಿಂತು ಸಿಳ್ಳೆ ಎದ್ದಿತು. ಕಾಲು ಊರಿತು. ತಲೆ ತಗ್ಗಿತು. ಹರಿದ ಕಿವಿಯೂ ಮುಂದೆ ಬಂತು. ನಾನು ಖಾಲಿ ಬಕೆಟ್ಟನ್ನು ಅದರ ಮೂತಿಗೆ ಹಿಡಿದು, ಇನ್ನೊಂದು ಕೈಯಿಂದ ಮೂಗುದಾರ ಹಿಡಿದೆ. ಬಕೆಟ್ಟಿನ ತಳಕ್ಕೆ ಅದರ ರಕ್ತ ತಟ್‌ತಟ್ ಎಂದು ತೊಟ್ಟಿಕ್ಕಿತು. ಹೊಡೆತ ಬಿದ್ದಾಗಲೂ ಅದು ಖಾಲಿ ಬಕೆಟ್ಟನ್ನೇ ನೆಕ್ಕುತ್ತ ನಿಂತಿತ್ತು.

ನಮ್ಮೂರವರು ಹಗ್ಗ ಬಿಗಿದು ಅದನ್ನು ಕರೆದೊಯ್ದ ಮೇಲೆ ಮೈದುನನ ಹತ್ತಿರ ಹೋದೆ. ಅಂಬ್ಯುಲೆನ್ಸಿಗೆ ಕಾಯುತ್ತ ಅವನನ್ನು ಬ್ಯಾನರಿನ ಮೇಲೆ ಮಲಗಿಸಿದ್ದರು, ಹೋರಿಯ ಚಿತ್ರದ ಮೇಲೆಯೇ. ತೊಡೆಗೆ ಬಿಗಿದ ಪಂಚೆ ತೋಯ್ದು ಕಪ್ಪಗಾಗಿತ್ತು. ಎತ್ತುವಾಗ ಕತ್ತಿನ ಹಿಂದಿನ ಪಟ್ಟಿ ಮತ್ತೆ ಕಂಡಿತು. ಅದನ್ನು ಒಳಗೆ ಸೇರಿಸಿದೆ.

"ವೈನಿ," ಅವನು ಕಣ್ಣು ಬಿಟ್ಟ. "ಅದನ್ನ ಕಟಗರಿಗೆ ಕೊಡತೇನಿ. ನಾ ಉಳದ್ರ ನಾನ ಕೊಡತೇನಿ."

ಅವನು ಉಳಿದ. ದೊಡ್ಡ ದವಾಖಾನೆಯಿಂದ ಬರುವ ಹೊತ್ತಿಗೆ ಬಿಳಿಜೋಳ ತೆನೆ ತುಂಬಿತ್ತು. ಕಂಕುಳಲ್ಲಿ ಊರುಗೋಲು. ಕಾಲು ಮೊದಲಿನಂತಾಗುವುದಿಲ್ಲ ಎಂದಿದ್ದರಂತೆ. ಅಷ್ಟರಲ್ಲಿ ಹೋರಿ ಗಂಡಸರನ್ನು ಕಂಡರೆ ಹಗ್ಗ ಹರಿಯುವಂತಾಗಿತ್ತು. ಯಜಮಾನರು ಹುಲ್ಲು ಹಾಕಲು ಹೋಗಿ ಗೋಡೆಗೂ ಕೊಂಬಿಗೂ ನಡುವೆ ಸಿಕ್ಕು, ಅಂಗಿ ಸೀಳಿಸಿಕೊಂಡು ಬಂದಿದ್ದರು. ನನ್ನನ್ನು ಮಾತ್ರ ಬಿಡುತ್ತಿತ್ತು, ಅದೂ ಹಾಡಿನ ಜೊತೆಗೆ. ಪೆನ್‌ಡ್ರೈವ್ ಆ ದಿನದ ತುಳಿತದಲ್ಲಿ ಹೋಯಿತು. ಕೊಟ್ಟಿಗೆಯ ಪ್ಲೇಯರಿನೊಳಗಿನ ಸಿಡಿ ಒಂದೇ ಉಳಿದಿತ್ತು.

ಮೈದುನ ಬಂದ ವಾರವೇ ಅಂಗಳಕ್ಕೆ ಲಾರಿ ಬಂತು. ಯಜಮಾನರು ಲಾರಿಯನ್ನೂ ತಮ್ಮನನ್ನೂ ನೋಡಿ, ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದರು. ಲಾರಿಯ ಡ್ರೈವರ್ ಕೊಟ್ಟಿಗೆಯೊಳಗೆ ಇಣುಕಿದ, ಹೋರಿ ಮೇವು ಹಾಕುವ ಗ್ವಾದಲಿಯ ಕಲ್ಲನ್ನೇ ಗುದ್ದಿತು, ಅವನು ಹಿಂದೆ ಹಾರಿದ. "ಸಾಹುಕಾರ್ರ, ಇದೇನು ಹೋರೀನೋ ಯಮನ ಕ್ವಾಣನೋ? ನನ್ನ ಕೈಕಾಲು ನನಗ ಬೇಕ್ರೀಪಾ."

"ನಿಂದರ್ಲೇ. ಹಾಡು ಹಚ್ಚಿದ್ರ ಕುರಿ ಆಗತೈತಿ." ಮೈದುನ ಊರುಗೋಲು ಊರುತ್ತ ನನ್ನ ಹತ್ತಿರ ಬಂದ. "ವೈನಿ, ಆ ನಾಲ್ಕನೇದು ಹಚ್ರಿ. ಅದು ನಿಂತ ಕೂಡ್ಲೆ ಹಗ್ಗ ಒಗದು ಕಾಲು ಕಟ್ಟತಾರ."

ನನ್ನ ಕೈಯಲ್ಲಿ ಬಕೆಟ್ ಇತ್ತು. ಹೋರಿ ಬಕೆಟ್ ನೋಡಿ ಕಿವಿ ಅಲ್ಲಾಡಿಸಿತು. ಆ ಹಾಡು ಕೇಳಿದರೆ ಅದು ತಲೆ ತಗ್ಗಿಸುತ್ತದೆ. ನಾನಿದ್ದೇನೆ ಎಂದು ತಗ್ಗಿಸುತ್ತದೆ.

"ಹಚ್ಚಂಗಿಲ್ರಿ," ಎಂದೆ.

"ಏನಂದ್ರಿ?"

"ನಾ ಹಚ್ಚಂಗಿಲ್ಲ."

ಆ ಮನೆಯಲ್ಲಿ ನಾನು ಆ ಮಾತನ್ನು ಎಂದೂ ಆಡಿರಲಿಲ್ಲ. ನನ್ನ ಧ್ವನಿ ತೀರ ಸಣ್ಣಗಿತ್ತು, ಹೊಲಿಗೆ ಕೋಣೆಯಲ್ಲಿ ಸೂಜಿ ಕೇಳುವಾಗಿನಂತೆ. ಮೈದುನ ಪ್ಲೇಯರಿನತ್ತ ಕೈ ಚಾಚಿದ, ನಾನು ಅಡ್ಡ ನಿಂತೆ. ಊರುಗೋಲು ನನ್ನ ಮುಂಗೈ ಮೇಲೆ ಬಿತ್ತು. ಬಳೆಗಳು ಒಡೆದು ಗ್ವಾದಲಿಯೊಳಗೆ ಉದುರಿದವು. ಕೈಯಿಂದ ಬಕೆಟ್ ಜಾರಿತು.

"ಕಾಕಾ!" ಮಗಳು ಬಾಗಿಲಿನಿಂದ ಕಿರುಚಿದಳು.

"ಇದ! ಇದರಿಂದನ ಎಲ್ಲಾ ಆದದ್ದು!" ಅವನು ಪ್ಲೇಯರಿಗೆ ಬೀಸಿದ. ಸ್ಪೀಕರಿನ ಜಾಳಿಗೆ ಒಳಗೆ ಹೋಯಿತು. ಮತ್ತೆ ಬೀಸಿದ. ಅದು ಸ್ಟೂಲಿನಿಂದ ಬಿತ್ತು. ಒಂಟಿ ಕಾಲ ಮೇಲೆ ನಿಂತು ಅವನು ಹೊಡೆದ, ಆಯ ತಪ್ಪಿ ಬಿದ್ದು ಮಂಡಿಯೂರಿಕೊಂಡು ಹೊಡೆದ, ಊರುಗೋಲಿನ ತುದಿ ಮುರಿಯುವ ತನಕ ಹೊಡೆದ. ಮುಚ್ಚಳ ಒಡೆದು ಸಿಡಿ ಹೊರಗೆ ಬಂತು. ಅದನ್ನು ಕಲ್ಲಿನ ಮೇಲಿಟ್ಟು ಮೊಳಕೈಯಿಂದ ಜಜ್ಜಿದ. ಅದರ ಚೂರು ಅವನ ಕೈ ಸೀಳಿತು. ಹೋರಿ ಹಗ್ಗ ಜಗ್ಗುತ್ತ ಕೊಟ್ಟಿಗೆಯ ಕಂಬವನ್ನೇ ಅಲುಗಿಸುತ್ತಿತ್ತು. ಮಾಡಿನಿಂದ ಮಣ್ಣು ಉದುರಿತು.

ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

ಡ್ರೈವರ್ ತಲೆ ಕೆರೆದುಕೊಂಡ. "ಈಗ ಹಾಡು ಎಲ್ಲಿಂದ ತರತೀರ್ರಿ?"

ಮೈದುನ ಕೈಯ ರಕ್ತವನ್ನೂ ನೆಲದ ಚೂರುಗಳನ್ನೂ ನೋಡಿದ. ಮಾಡಿದ್ದೇನೆಂದು ಅವನಿಗೆ ಆಗ ಹೊಳೆದಿರಬೇಕು.

"ಫೋನಿನ್ಯಾಗ ಹುಡುಕು," ಮಗಳಿಗೆ ಹೇಳಿದ. "ಏನವರ ಹೆಸರು, ಆ ಇಬ್ಬರದು?"

ಮಗಳು ನನ್ನನ್ನು ನೋಡಿದಳು. ಆ ಗೆಳೆಯರ ಹೆಸರು ನಮ್ಮಿಬ್ಬರಿಗೂ ಗೊತ್ತಿತ್ತು. ಹುಡುಕಿದರೆ ಕಣ್ಣು ಮಿಟುಕಿಸುವುದರೊಳಗೆ ಸಿಗುತ್ತದೆಂದೂ ಗೊತ್ತಿತ್ತು. ಬೆನ್ನು ತಿರುಗಿಸಿದ ಆ ಹುಡುಗರ ಚಿತ್ರ ನನ್ನ ಸೀರೆಗಳ ನಡುವೆ ಭದ್ರವಾಗಿತ್ತು.

"ಗೊತ್ತಿಲ್ಲ ಕಾಕಾ," ಎಂದಳು. "ಫ್ರೆಂಚ್ ಹೆಸರು. ಯಾರಿಗೆ ಬರತೈತಿ ಓದಾಕ?"

"ನಿಮಗ ವೈನಿ?"

ನಾನು ತಲೆ ಅಲ್ಲಾಡಿಸಿದೆ. ಮುಂಗೈ ಊದತೊಡಗಿತ್ತು.

ಡ್ರೈವರ್ ಲಾರಿಯ ಬಾಗಿಲು ತೆರೆಯುವಾಗ ಅತ್ತೆ ಅಂಗಳಕ್ಕೆ ಬಂದರು. "ಹೋಗಪಾ, ಹೋಗು. ಈ ಮನ್ಯಾಗ ಕಟ್ಟಿ ಹಾಕಬೇಕಾದ್ದು ಹೋರಿ ಅಲ್ಲ." ಮಗನ ಮುಖ ನೋಡದೆ ಹೇಳಿದರು. ಮೈದುನ ಗೋಡೆ ಹಿಡಿದು ಎದ್ದು, ಕುಂಟುತ್ತ ಬಚ್ಚಲಿಗೆ ಹೋದ. ನೀರು ಬಿಟ್ಟ ಸದ್ದು ಬಹಳ ಹೊತ್ತು ಕೇಳಿಸಿತು.

ಲಾರಿ ಹೋದ ಮೇಲೆ ನಾನು ಗ್ವಾದಲಿ ಸ್ವಚ್ಛ ಮಾಡಿದೆ. ಹಸಿರು ಬಳೆಯ ಚೂರು, ಸಿಡಿಯ ಚೂರು ಹುಲ್ಲಿನಲ್ಲಿ ಬೆರೆತಿದ್ದವು. ಒಂದೊಂದನ್ನೇ ಆರಿಸಿ ಸೆರಗಿನಲ್ಲಿ ಹಾಕಿಕೊಂಡೆ. ನಾಲಗೆಗೆ ಸಿಕ್ಕರೆ ಹೊಟ್ಟೆ ಹರಿಯುತ್ತದೆ. ಹೋರಿ ಕಂಬಕ್ಕೆ ಅಂಟಿಕೊಂಡು, ಒಂದು ಕಣ್ಣಿನಿಂದ ನನ್ನನ್ನು ನೋಡುತ್ತಿತ್ತು. ತೊಡೆಯ ಚರ್ಮ ಕರುವಾಗಿದ್ದಾಗಿನಂತೆ ಕಂಪಿಸುತ್ತಿತ್ತು. ಬಿದ್ದ ಬಕೆಟ್ಟಿಗೆ ಮತ್ತೆ ಹತ್ತಿಕಾಳು ಕಲಸಿದೆ. ಹಾಡಿಲ್ಲದೆ ಅದು ಬರುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಊದಿರದ ಕೈಯಿಂದ ಬಕೆಟ್ಟಿನ ಮೇಲೆ ಮೆಲ್ಲಗೆ ಬಡಿಯತೊಡಗಿದೆ. ಆ ಇಬ್ಬರ ಹೊಡೆತ, ನಾಲ್ಕನೆಯ ಹಾಡಿನದು. ಮಗಳು ಕೊಟ್ಟಿಗೆಯ ಬಾಗಿಲು ಎಳೆದು ಮುಚ್ಚಿದಳು. ಬಡಿದೆ, ಬಡಿದೆ, ಆಮೇಲೆ ಕೈ ನಿಲ್ಲಿಸಿದೆ. ಸಿಳ್ಳೆ ಹಾಕಲು ನನಗೆ ಬರುವುದಿಲ್ಲ. ಕಾನ್ವೆಂಟಿನಲ್ಲಿ ಹೆಣ್ಣುಮಕ್ಕಳು ಸಿಳ್ಳೆ ಹಾಕುವಂತಿರಲಿಲ್ಲ. ಹಲ್ಲು ಕಚ್ಚಿ ಸುಮ್ಮನೆ ಗಾಳಿ ಊದಿದೆ.

ಹೋರಿ ನಾಲ್ಕೂ ಕಾಲು ಊರಿತು.